ಕಾನೂನಿನಲ್ಲಿದೆ, ಕೌಂಟರಿನಲ್ಲಿಲ್ಲ: ಕಾಸರಗೋಡಿನಿಂದ ಮುಖ್ಯ ಕಾರ್ಯದರ್ಶಿಯವರಿಗೊಂದು ಪತ್ರ

ಮಾನ್ಯ ಮುಖ್ಯ ಕಾರ್ಯದರ್ಶಿಯವರಿಗೆ,
ಕೇರಳ ಸರ್ಕಾರ, ತಿರುವನಂತಪುರ.

ನಮಸ್ಕಾರ ಸರ್.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಹಟಕ್ಕೆ ಬರೆದದ್ದು ಅಂದುಕೊಳ್ಳಬೇಡಿ. ಹಾಗೆ ಬರೆಯಬಹುದು ಅಂತ ನಿಮ್ಮ ಸರ್ಕಾರದ್ದೇ ಕಾನೂನು ಹೇಳುತ್ತದೆ. 1969ರ ಕೇರಳ ಅಧಿಕೃತ ಭಾಷೆಗಳ ಕಾನೂನು ತೆಗೆದು ನೋಡಿ. ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ, ಇಲಾಖೆಗಳ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಅದಕ್ಕೂ ಮೊದಲು ಸಂವಿಧಾನದ 350ನೇ ವಿಧಿ ಇದೆ. ದೂರು ಕೊಡುವವನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುತ್ತದೆ ಅದು. ಹಕ್ಕು ಕೊಡಿ ಅಂತ ನಾನು ಕೇಳಬೇಕಾದ್ದೇ ಇಲ್ಲ. ಕೊಟ್ಟಾಗಿದೆ. ಕೊಟ್ಟದ್ದು ಕೌಂಟರಿನವರೆಗೆ ಬಂದು ತಲುಪಿಲ್ಲ, ಅಷ್ಟೇ ನನ್ನ ತಕರಾರು.

ನಾನು ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ. ಮಲಯಾಳ ಓದಲು, ಬರೆಯಲು ಬರುತ್ತದೆ. ಆ ಕಾರಣಕ್ಕೆ ಸಂಜೆ ಹೊತ್ತು ನಮ್ಮ ಮನೆ ಜಗಲಿಗೆ ಆಚೀಚೆ ಮನೆಯವರು ಕಾಗದ ಹಿಡಿದುಕೊಂಡು ಬರುತ್ತಾರೆ. ಕರೆಂಟು ಬಿಲ್ಲು, ಬ್ಯಾಂಕಿನ ನೋಟೀಸು, ಪಂಚಾಯತಿನ ಪತ್ರ. ಓದಿ ಹೇಳುವುದು ನನಗೆ ಭಾರವಲ್ಲ. ಆದರೆ ಸರ್ಕಾರ ತನ್ನ ಪ್ರಜೆಗೆ ಬರೆದ ಕಾಗದಕ್ಕೆ ಮಧ್ಯದಲ್ಲಿ ನಾನೊಬ್ಬ ಯಾಕೆ ಬೇಕು?

ಗಡಿಯ ವಿಷಯವನ್ನು ಮೊದಲೇ ಮುಗಿಸಿಬಿಡುತ್ತೇನೆ. ಕಾಸರಗೋಡಿನಿಂದ ಕನ್ನಡದಲ್ಲಿ ಪತ್ರ ಬಂದರೆ ತಿರುವನಂತಪುರದಲ್ಲಿ ಮೊದಲು ಮೂಡುವ ಸಂಶಯ ಅದೇ ಅಲ್ವಾ? 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆಮೇಲೆ ಕಣ್ಣೂರು ಜಿಲ್ಲೆಯವರು. 1984ರಲ್ಲಿ ನಮ್ಮದೇ ಜಿಲ್ಲೆ ಬಂತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಲಿ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತ್ತು, ಆಗಲಿಲ್ಲ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಆ ಆಸೆಯನ್ನು ನೂರು ವರ್ಷದ ಬದುಕಿನ ಕೊನೆಯವರೆಗೂ ಇಟ್ಟುಕೊಂಡಿದ್ದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಈ ಪತ್ರ ಅದರ ಬಗ್ಗೆ ಅಲ್ಲ. ನಾನು ಹುಟ್ಟಿದ್ದು ಕೇರಳದಲ್ಲಿ, ಜಾಗದ ತೀರ್ವೆ ಕಟ್ಟುವುದು ಕೇರಳಕ್ಕೆ, ಓಟು ಹಾಕುವುದು ಇಲ್ಲೇ. ಕೇರಳದವನಾಗಿಯೇ ಕೇಳುತ್ತಿದ್ದೇನೆ. ಬೆಳಗಾವಿಯಲ್ಲಿ ಒಬ್ಬ ಮರಾಠಿ ಕೃಷಿಕ ಬೆಂಗಳೂರಿಗೆ ಇಂಥದ್ದೇ ಪತ್ರ ಬರೆದರೆ ನಾನು ಅವನ ಪರವೇ ನಿಲ್ಲುತ್ತೇನೆ. ಇದು ಕೆಲವರಿಗೆ ಇಷ್ಟ ಆಗಲಿಕ್ಕಿಲ್ಲ. ಆಗದಿದ್ದರೆ ಬೇಡ.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಪಕ್ಕದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮನೆಮಾತು ತುಳು, ಕಲಿತದ್ದು ಕನ್ನಡ ಶಾಲೆಯಲ್ಲಿ. ಐದನೇ ಕ್ಲಾಸಿಗೆ ಬಿಟ್ಟರೂ ಈಗಲೂ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಾರೆ, ಅದರಲ್ಲೂ ಮರಣದ ಸುದ್ದಿಯ ಪುಟ ಮೊದಲು. ಅವರಿಗೆ ವಿಧವಾ ಪಿಂಚಣಿ ಬರುತ್ತಿತ್ತು. ಒಂದು ದಿನ ಅಂಚೆಯಲ್ಲಿ ಒಂದು ಕಾಗದ ಬಂತು. ಪೂರ್ತಿ ಮಲಯಾಳ. ಸೀಲು ನೋಡಿ ಸರ್ಕಾರದ್ದು ಅಂತ ಗೊತ್ತಾಗಿದೆ. ಸರ್ಕಾರದ ಕಾಗದ ಅಂದ ಮೇಲೆ ಹಾಳಾಗಬಾರದು ಅಂತ ಜೋಪಾನವಾಗಿ ದೇವರ ಪಟದ ಹಿಂದೆ ಇಟ್ಟಿದ್ದಾರೆ. ನನ್ನ ಹತ್ತಿರ ತರಬೇಕು ಅಂತಿದ್ದರಂತೆ. ಮಳೆಗಾಲ, ಗುಡ್ಡೆ ಇಳಿದು ಹತ್ತಬೇಕು, ಮೊಣಗಂಟು ನೋವು. ಹಾಗೇ ಉಳಿಯಿತು. ಪಿಂಚಣಿ ಬರುವುದು ನಿಂತ ಮೇಲೆ ಕಾಗದ ಪಟದ ಹಿಂದಿನಿಂದ ಹೊರಗೆ ಬಂತು. ಆದಾಯ ಸರ್ಟಿಫಿಕೇಟು ಇಂಥ ದಿನದೊಳಗೆ ಕೊಡಿ, ಇಲ್ಲದಿದ್ದರೆ ಪಿಂಚಣಿ ತಡೆಹಿಡಿಯಲಾಗುವುದು ಅಂತ ಅದರಲ್ಲಿತ್ತು. ಆ ದಿನ ಯಾವಾಗಲೋ ಕಳೆದುಹೋಗಿತ್ತು.

ಅವರನ್ನು ಕರೆದುಕೊಂಡು ಕಚೇರಿಗೆ ಹೋದೆ. ಸೀಟಿನಲ್ಲಿದ್ದವರು ತೆಂಕಣ ಜಿಲ್ಲೆಯಿಂದ ಹೊಸದಾಗಿ ಬಂದ ಹುಡುಗ. ಒಳ್ಳೆಯವನು. ಅಜ್ಜಿಗೆ ಕುರ್ಚಿ ಕೊಟ್ಟ. "ನೋಟೀಸು ಕಳಿಸಿದ್ದೆವಲ್ಲ ಅಮ್ಮ" ಅಂದ. ಹೌದು, ಕಳಿಸಿದ್ದರು. ಫೈಲಿನಲ್ಲಿ ಅದರ ಪ್ರತಿಯೂ ಇತ್ತು. ಕಚೇರಿಯ ಲೆಕ್ಕದಲ್ಲಿ ಎಲ್ಲ ಸರಿಯಾಗಿದೆ. ಅಜ್ಜಿಯ ಲೆಕ್ಕದಲ್ಲಿ ಯಾರೂ ಏನೂ ಹೇಳಲಿಲ್ಲ. ಸರ್ಟಿಫಿಕೇಟು ಮಾಡಿಸಿ ಕೊಟ್ಟ ಮೇಲೆ ಪಿಂಚಣಿ ಮತ್ತೆ ಶುರುವಾಯಿತು. ಮಧ್ಯದ ತಿಂಗಳುಗಳ ದುಡ್ಡು ಹೋದದ್ದು ಹೋಯಿತು.

ಆ ಹುಡುಗನನ್ನು ಬೈಯುವುದರಲ್ಲಿ ಅರ್ಥ ಇಲ್ಲ. ಅವನ ಕಂಪ್ಯೂಟರಿನಲ್ಲಿ ಕನ್ನಡದ ನೋಟೀಸು ಎನ್ನುವುದೇ ಇಲ್ಲ. ಅವನು ಬಟನ್ ಒತ್ತಿದ, ಅದು ಮಲಯಾಳದಲ್ಲಿ ಪ್ರಿಂಟ್ ಆಯಿತು.

ಇದನ್ನು ನೀವು ಸ್ವಲ್ಪ ಯೋಚಿಸಬೇಕು. ಕಾಗದದ ಕಾಲದಲ್ಲಿ ಕನ್ನಡ ಹೇಗೋ ಬದುಕಿತ್ತು. ಅರ್ಜಿ ಬರೆಯುವವನು ಕನ್ನಡದಲ್ಲಿ ಬರೆದರೆ ಕಚೇರಿಯಲ್ಲಿ ಕನ್ನಡ ಬಲ್ಲ ಒಬ್ಬ ಗುಮಾಸ್ತ ಇರುತ್ತಿದ್ದ, ಓದಿ ಷರಾ ಹಾಕುತ್ತಿದ್ದ. ಈಗ ಅರ್ಜಿ ಅಂದರೆ ಪರದೆಯ ಮೇಲಿನ ಖಾನೆಗಳು. ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ವ್ಯವಸ್ಥೆಯಾದ ಕೆ-ಸ್ಮಾರ್ಟ್ 2024ರ ಜನವರಿಯಲ್ಲಿ ನಗರಸಭೆಗಳಿಗೆ ಬಂತು, ಮರುವರ್ಷ ಗ್ರಾಮ ಪಂಚಾಯತುಗಳಿಗೂ ಬಂತು. ಜನನ, ಮರಣ, ಮನೆ ತೆರಿಗೆ, ಕಟ್ಟಡ ಪರ್ಮಿಟ್ ಎಲ್ಲ ಅದರಲ್ಲೇ. ಒಳ್ಳೆಯದೇ. ಪಂಚಾಯತಿಗೆ ಅಲೆಯುವುದು ಕಡಿಮೆಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹೊಸ ವ್ಯವಸ್ಥೆ ಕಟ್ಟುವಾಗ ಉತ್ತರದ ತುದಿಯಲ್ಲಿ ಇನ್ನೊಂದು ಲಿಪಿ ಓದುವ ಜನ ಇದ್ದಾರೆ ಅನ್ನುವುದು ಯಾರ ತಲೆಗೂ ಹೊಳೆದಂತೆ ಕಾಣುವುದಿಲ್ಲ. ನಮ್ಮ ಊರಿನವರು ದಿನಾ ತೆರೆಯಬೇಕಾದ ಸರ್ಕಾರಿ ಪುಟಗಳಲ್ಲಿ ಒಂದೋ ಮಲಯಾಳ, ಇಲ್ಲ ಇಂಗ್ಲಿಷ್. 1969ರ ಕಾನೂನು ಗುಮಾಸ್ತನನ್ನು ಕಟ್ಟಿಹಾಕುತ್ತಿತ್ತು. ಸಾಫ್ಟ್‌ವೇರನ್ನು ಅದು ಕಟ್ಟಿಹಾಕಿದ ಹಾಗೆ ಕಾಣುವುದಿಲ್ಲ.

ಹಾಗಾಗಿ ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ತುಂಬಿಸಿ ಕೊಡುವ ಅಕ್ಷಯ ಕೇಂದ್ರವೇ ಗತಿ. ಅಲ್ಲಿರುವ ಹುಡುಗಿಯರು ಪಾಪ, ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಮಾತಾಡುತ್ತಾರೆ. ಜನ ಹೇಳಿದ್ದನ್ನು ಕೇಳಿ ತಾವೇ ತುಂಬಿಸುತ್ತಾರೆ. ಏನು ತುಂಬಿಸಿದರು ಅಂತ ಅರ್ಜಿದಾರನಿಗೆ ಓದಲು ಬರುವುದಿಲ್ಲ, ತೋರಿಸಿದಲ್ಲಿ ಸೈನ್ ಹಾಕುತ್ತಾನೆ. ಹೆಸರಿನ ಕತೆ ಕೇಳಲೇಬೇಡಿ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಆಧಾರಿನಲ್ಲೊಂದು, ರೇಷನ್ ಕಾರ್ಡಿನಲ್ಲೊಂದು, ಜಾಗದ ದಾಖಲೆಯಲ್ಲಿ ಇನ್ನೊಂದು. ಮೂರೂ ಒಬ್ಬನೇ ಅಂತ ಸಾಬೀತು ಮಾಡಲು ವಿಲೇಜ್ ಆಫೀಸಿನಿಂದ 'ಒನ್ ಆಂಡ್ ಸೇಮ್' ಸರ್ಟಿಫಿಕೇಟು. ಅದಕ್ಕೂ ಅರ್ಜಿ ಅಕ್ಷಯದಲ್ಲೇ.

ಕನ್ನಡದವರು ಎಷ್ಟು ಜನ ಇದ್ದಾರೆ ಮಹಾ, ಅಂತ ಯಾರಾದರೂ ಜನಗಣತಿ ತೋರಿಸಬಹುದು. ಆ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಗಣತಿಯವರು ಕೇಳುವುದು ಮಾತೃಭಾಷೆ. ನಮ್ಮಲ್ಲಿ ತುಳುವರು ತುಳು ಅಂತ, ಕೊಂಕಣಿಗರು ಕೊಂಕಣಿ ಅಂತ, ಮರಾಟಿಯವರು ಮರಾಠಿ ಅಂತ ಬರೆಸುತ್ತಾರೆ. ಸರಿಯಾಗಿಯೇ ಬರೆಸುತ್ತಾರೆ. ಆದರೆ ಇವರಲ್ಲಿ ತುಂಬಾ ಮಂದಿ ಕಲಿತದ್ದು ಕನ್ನಡ ಶಾಲೆಯಲ್ಲಿ, ಓದುವುದು ಕನ್ನಡ ಪೇಪರು, ಮದುವೆ ಕಾಗದ ಅಚ್ಚು ಹಾಕಿಸುವುದು ಕನ್ನಡದಲ್ಲಿ. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುತ್ತೀರಲ್ಲ, ಆ ಏಳರಲ್ಲಿ ಹಲವು ಭಾಷೆಯವರಿಗೆ ಓದುವ ಅಕ್ಷರ ಕನ್ನಡದ್ದೇ. ನೋಟೀಸು ಯಾವ ಭಾಷೆಯಲ್ಲಿ ಕಳಿಸಬೇಕು ಅಂತ ತೀರ್ಮಾನಿಸಲು ಮನೆಮಾತಿನ ಲೆಕ್ಕ ಸಾಕಾಗುವುದಿಲ್ಲ, ಓದುವ ಭಾಷೆಯ ಲೆಕ್ಕ ಬೇಕು. ಅದನ್ನು ಈವರೆಗೆ ನಮ್ಮನ್ನು ಯಾರೂ ಕೇಳಿಲ್ಲ.

ಭೂಮಿಯ ವಿಷಯ ಬಂದಾಗ ಇದು ಇನ್ನೂ ಗಂಭೀರ. ನೀವು ಕೇಳಿರಬಹುದು, ಕಂದಾಯ, ಸರ್ವೆ, ನೋಂದಣಿ ಮೂರನ್ನೂ ಒಟ್ಟು ಸೇರಿಸಿದ 'ಎಂಡೆ ಭೂಮಿ' ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಮೊದಲು ಶುರುವಾದದ್ದು ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳ್ವಾರ್ ಗ್ರಾಮದಲ್ಲಿ. ಇಡೀ ರಾಜ್ಯಕ್ಕೆ ಮೊದಲು. ಹೆಮ್ಮೆ ಪಡಬೇಕಾದ್ದೇ. ಆದರೆ ಈ ಭಾಗದ ಹಳೇ ಆಧಾರಗಳು, ಅಂದರೆ ಜಾಗದ ಪತ್ರಗಳು, ಯಾವ ಭಾಷೆಯಲ್ಲಿವೆ ಗೊತ್ತುಂಟಾ ಸರ್? 1956ಕ್ಕಿಂತ ಹಿಂದಿನವು ಹೆಚ್ಚಾಗಿ ಕನ್ನಡದಲ್ಲಿವೆ.

ನನ್ನ ಅಜ್ಜನ ಕಾಲದ ಒಂದು ಮೂಲಗೇಣಿ (ಶಾಶ್ವತ ಗೇಣಿ) ಚೀಟು ನನ್ನ ಹತ್ತಿರ ಇದೆ. ಮಡಚಿದ ಕಡೆ ಹರಿದಿದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ, ಅಕ್ಷರ ಒಂದಕ್ಕೊಂದು ಹೆಣೆದುಕೊಂಡ ಮೋಡಿ ಬರಹ. ಚಕ್ಕುಬಂದಿ ಹೀಗೆ ಬರೆದಿದ್ದಾರೆ: ಮೂಡು ದಿಕ್ಕಿಗೆ ನೀರು ಹರಿಯುವ ತೋಡು, ತೆಂಕು ದಿಕ್ಕಿಗೆ ಬರೆ, ಪಡು ದಿಕ್ಕಿಗೆ ಕಟ್ಟಪುಣಿ, ಬಡಗು ದಿಕ್ಕಿಗೆ ಸರ್ಕಾರಿ ಗುಡ್ಡೆ, ಅದರ ಕುಮ್ಕಿ ಸಹಿತ. ಇದನ್ನು ಇವತ್ತು ಕನ್ನಡ ಎಂಎ ಮಾಡಿದವನ ಕೈಗೆ ಕೊಟ್ಟರೂ ಕಷ್ಟಪಟ್ಟು ಓದಿಯಾನು. ಕನ್ನಡವೇ ಬಾರದ ಅಧಿಕಾರಿ ಎಂತ ಮಾಡಬೇಕು? ತರವಾಡಿನ (ಕುಟುಂಬದ) ಪಾಲಿನ ಒಂದು ಪೋಕುವರವಿಗೆ, ಅಂದರೆ ಖಾತೆ ಬದಲಾವಣೆಗೆ, ಇದನ್ನು ತೋರಿಸಬೇಕಾಗಿ ಬಂತು. ವಿಲೇಜ್ ಆಫೀಸರು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದು ಪರಿಚಯದ ಒಬ್ಬ ನಿವೃತ್ತ ಕನ್ನಡ ಮಾಷ್ಟ್ರಿಗೆ ವಾಟ್ಸಾಪ್ ಮಾಡಿದರು. ಮಾಷ್ಟ್ರು ಮಧ್ಯಾಹ್ನ ಮಲಗಿ ಎದ್ದ ಮೇಲೆ ಉತ್ತರ ಕಳಿಸಿದರು. ಅದರ ಮೇಲೆ ಫೈಲು ಮುಂದೆ ಹೋಯಿತು.

ಆ ಅಧಿಕಾರಿಯನ್ನು ನಾನು ಮೆಚ್ಚುತ್ತೇನೆ. ಬೇರೆಯವರಾಗಿದ್ದರೆ ಮಲಯಾಳಕ್ಕೆ ತರ್ಜುಮೆ ಮಾಡಿಸಿ ತನ್ನಿ ಅಂತ ವಾಪಸು ಕಳಿಸುತ್ತಿದ್ದರು. ಆದರೂ ಕೇಳುತ್ತೇನೆ: ಡಿಜಿಟಲ್ ಸರ್ವೆಗೆ ಇಷ್ಟೆಲ್ಲ ಉಪಕರಣ, ಇಷ್ಟೆಲ್ಲ ಹಣ ಹಾಕಿದ ಸರ್ಕಾರಕ್ಕೆ ಹಳೇ ಕನ್ನಡ ದಾಖಲೆ ಓದಬಲ್ಲ ನಾಲ್ಕು ಮಂದಿಯನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲು ಆಗುವುದಿಲ್ಲವೇ? ಸರ್ವೆಯ ಕರಡು ಪ್ರಕಟವಾದ ಮೇಲೆ ತಕರಾರು ಹೇಳಲು ಅಂತ ದಿನ ಗೊತ್ತುಮಾಡುತ್ತಾರೆ. ಕರಡಿನಲ್ಲಿ ಏನಿದೆ ಅಂತ ಓದಲು ಬಾರದವನು ಯಾವ ತಕರಾರು ಹೇಳಿಯಾನು? ಇವತ್ತು ಕಂಪ್ಯೂಟರಿಗೆ ಹೋದ ಗಡಿರೇಖೆ ನಾಳೆ ಕೋರ್ಟಿಗೂ ಸಾಕ್ಷಿ. ಹಳೇ ಚೀಟು ಓದುವ ಮಾಷ್ಟ್ರುಗಳು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ಒಂದು ಮಾತು. ಅದೇ ಬೇರೆ ದೊಡ್ಡ ವಿಷಯ, ಇಲ್ಲಿ ಹಿಗ್ಗಿಸುವುದಿಲ್ಲ. ಸರ್ಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಟ್ಟದ್ದು 2000ದವರೆಗೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಅಂತ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಹೇಳಿತು. 2022ರಲ್ಲಿ ಅದೇ ಕೋರ್ಟು ಮತ್ತೆ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಎಣ್ಮಕಜೆಯಂಥ ಕಡೆ ಆ ಮದ್ದಿನಿಂದ ರೋಗ ಹೊಕ್ಕ ಮನೆಗಳಲ್ಲಿ ತುಳು, ಕನ್ನಡ, ಮರಾಠಿ ಮಾತಾಡುವವರು ಎಷ್ಟೋ ಮಂದಿ. ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು ಕಚೇರಿಯಿಂದ ಕಚೇರಿಗೆ ಹೋಗುವ ತಾಯಿಗೆ ಕೈಯಲ್ಲಿರುವ ಕಾಗದ ಓದಲು ಬಂದರೆ ಒಂದು ಹೊರೆಯಾದರೂ ಇಳಿಯುತ್ತಿತ್ತು.

ಕನ್ನಡದಲ್ಲಿ ಕೊಡುವುದು ಕಷ್ಟ ಅಂತ ಮಾತ್ರ ಹೇಳಬೇಡಿ. ನಿಮ್ಮ ಸರ್ಕಾರ ಕನ್ನಡದಲ್ಲಿ ಎಷ್ಟೋ ಕೆಲಸ ಮಾಡುತ್ತಲೇ ಇದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಪಠ್ಯಪುಸ್ತಕ ಅಚ್ಚು ಮಾಡಿಸುತ್ತೀರಿ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುತ್ತದೆ. ಪಿಎಸ್‌ಸಿಯವರೂ ಪರೀಕ್ಷೆಗೆ ಕನ್ನಡ ಪ್ರಶ್ನೆಪತ್ರಿಕೆ ಕೊಡುತ್ತಾರೆ. 2021ರಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಇನ್ನು ಚುನಾವಣೆ ಬಂದರೆ ಮತಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಕನ್ನಡದಲ್ಲೂ ಅಂಟಿಸುತ್ತಾರೆ. ಓಟು ಹಾಕುವ ದಿನ ನಮಗೆ ಓದಲು ಬರುವುದು ಕನ್ನಡ ಅಂತ ಸರ್ಕಾರಕ್ಕೆ ಚೆನ್ನಾಗಿ ನೆನಪಿರುತ್ತದೆ. ಪಿಂಚಣಿ ನಿಲ್ಲಿಸುವ ದಿನ ಮರೆತುಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಸಮಿತಿ ಬೇಡ. ಜಿಲ್ಲೆಗೆ ಏನೇನು ಬೇಕು ಅಂತ ಹಿಂದಿನ ಮುಖ್ಯ ಕಾರ್ಯದರ್ಶಿ ಪಿ. ಪ್ರಭಾಕರನ್ ಅವರ ಆಯೋಗ 2012ರಲ್ಲೇ ವರದಿ ಕೊಟ್ಟಿದೆ. ಇನ್ನೊಂದು ವರದಿ ಓದುವ ತಾಳ್ಮೆ ನಮಗಿಲ್ಲ.

ನಾನು ಕೇಳುವುದು ಮುಖ್ಯವಾಗಿ ಒಂದೇ. ಪ್ರತಿಯೊಬ್ಬರನ್ನು ಒಂದೇ ಒಂದು ಸಲ ಕೇಳಿ: ಸರ್ಕಾರದ ಕಾಗದ ನಿಮಗೆ ಯಾವ ಭಾಷೆಯಲ್ಲಿ ಬೇಕು? ಮಲಯಾಳವೇ, ಕನ್ನಡವೇ, ತಮಿಳೇ, ಇಂಗ್ಲಿಷೇ? ರೇಷನ್ ಕಾರ್ಡಿನ ದಾಖಲೆಯಲ್ಲಿ ಅದಕ್ಕೊಂದು ಖಾನೆ ಮಾಡಿ. ಪಿಂಚಣಿಯವರು ಹೇಗೂ ಬದುಕಿದ್ದೇವೆ ಅಂತ ತೋರಿಸುವ ಮಸ್ಟರಿಂಗಿಗೆ ಅಕ್ಷಯಕ್ಕೆ ಬಂದು ಬೆರಳು ಒತ್ತಲೇಬೇಕಲ್ಲ (ತೋಟದ ಕೆಲಸ ಮಾಡಿ ಸವೆದ ಬೆರಳು ಆ ಯಂತ್ರಕ್ಕೆ ಗುರುತು ಸಿಗುವುದಿಲ್ಲ, ಅದು ಬೇರೆ ಪತ್ರದ ವಿಷಯ), ಅಲ್ಲೇ ಕೇಳಿಬಿಡಿ. ಅಲ್ಲಿಂದ ಮುಂದೆ ಆ ಮನುಷ್ಯನಿಗೆ ಹೋಗುವ ಎಸ್ಸೆಮ್ಮೆಸ್ಸು, ನೋಟೀಸು, ಸರ್ಟಿಫಿಕೇಟು ಎಲ್ಲ ತನ್ನಿಂತಾನೇ ಆ ಭಾಷೆಯಲ್ಲಿ ಹೊರಡಲಿ. ಹೆಚ್ಚಿನ ನೋಟೀಸುಗಳಲ್ಲಿ ಬದಲಾಗುವುದು ಹೆಸರು, ನಂಬರು, ದಿನಾಂಕ ಮಾತ್ರ. ಉಳಿದ ಒಕ್ಕಣೆ ಒಂದೇ. ಒಮ್ಮೆ ಸರಿಯಾಗಿ ಕನ್ನಡ ಮಾಡಿಟ್ಟರೆ ಮುಗಿಯಿತು.

ಹೀಗೆ ಮಾಡಿದರೆ ಇನ್ನೊಂದು ಲಾಭ ಇದೆ. ಈಗ ಕನ್ನಡ ಬೇಕಾದವನು ಕೌಂಟರಿನಲ್ಲಿ ನಿಂತು ಕೇಳಬೇಕು. ಹಿಂದೆ ಸಾಲು, ಮುಂದೆ ಅವಸರದ ಗುಮಾಸ್ತ. ಕೇಳಿದರೆ ಜಗಳಗಂಟ ಅನ್ನಿಸಿಕೊಳ್ಳಬೇಕು. ನಮ್ಮವರೇ "ಸುಮ್ನೆ ಯಾಕೆ ಮಾರಾಯ್ರೆ, ಕನ್ನಡದಲ್ಲಿ ಕೊಟ್ಟರೆ ಜಾಸ್ತಿ ದಿನ ಹಿಡೀತದೆ" ಅಂತ ಮಲಯಾಳದಲ್ಲಿ ಬರೆಸುತ್ತಾರೆ. ಆಮೇಲೆ ಕಚೇರಿಯವರು ಕನ್ನಡ ಅರ್ಜಿಯೇ ಬರುವುದಿಲ್ಲ, ಹಾಗಾಗಿ ಕನ್ನಡ ಬೇಕಾಗಿಲ್ಲ ಅಂತ ವರದಿ ಬರೆಯುತ್ತಾರೆ. ಹಕ್ಕು ಸಿಗಲು ಧೈರ್ಯ ಬೇಕು ಅನ್ನುವ ಸ್ಥಿತಿ ಇದ್ದರೆ ಬಡವನಿಗೆ, ಮುದುಕರಿಗೆ ಅದು ಸಿಗುವುದೇ ಇಲ್ಲ.

ಇದು ನಮಗೆ ಮಾತ್ರ ಅಂತಲೂ ತಿಳಿಯಬೇಡಿ. ದೇವಿಕುಳಂ, ಪೀರುಮೇಡಿನ ಚಹಾ ತೋಟಗಳ ತಮಿಳರಿಗೂ ಇದೇ ಖಾನೆ, ಇದೇ ಬಟನ್.

ಜನರ ನೇಮಕದ ವಿಷಯಕ್ಕೆ ಬಂದರೆ, ಕನ್ನಡ ಮತ್ತು ಮಲಯಾಳ ಎರಡೂ ಬಲ್ಲ ಗುಮಾಸ್ತರ ಹುದ್ದೆ ಅಂತ ಪಿಎಸ್‌ಸಿಯಲ್ಲೇ ಬೇರೆ ಇದೆ. ಒಳ್ಳೆಯ ವ್ಯವಸ್ಥೆ. ಆದರೆ ಹಾಗೆ ಬಂದವರನ್ನು ಜನ ಕನ್ನಡದಲ್ಲಿ ಮಾತಾಡುವ ಕೌಂಟರಿನಲ್ಲೇ ಕೂರಿಸಬೇಕು. ಒಳಗಿನ ಬಿಲ್ಲು ಸೆಕ್ಷನ್ನಿನಲ್ಲಿ ಕೂರಿಸಿದರೆ ಅವರ ಕನ್ನಡ ಯಾರಿಗೆ ಉಪಯೋಗ? ಪರೀಕ್ಷೆಯೂ ಗಟ್ಟಿಯಾಗಬೇಕು. ಕೈಬರಹದ ಒಂದು ಕನ್ನಡ ಅರ್ಜಿ ಕೊಟ್ಟು, ಇದನ್ನು ಓದಿ ಉತ್ತರ ಬರೆಯಿರಿ ಅಂತ ಹೇಳಿದರೆ ಹತ್ತೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಶಾಲೆಗಳಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುತ್ತದೆ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದ ಅಧ್ಯಾಪಕರು ಬಂದು, ಮಕ್ಕಳು, ಪೋಷಕರು ಗೇಟಿನ ಹತ್ತಿರ ಧರಣಿ ಕೂತದ್ದು ಪೇಪರುಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗಣಿತ ಕಲಿಸುವವರಿಗೆ ಮಗು ಕೇಳಿದ ಪ್ರಶ್ನೆ ಅರ್ಥವಾಗದಿದ್ದರೆ ಪಾಠ ಹೇಗೆ ನಡೆಯುತ್ತದೆ? ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸೌಕರ್ಯ ಮಾಡಿ ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ. ಪ್ರತಿ ಸಲವೂ ಧರಣಿ ಆದ ಮೇಲೆ ವರ್ಗಾವಣೆ, ರಜೆ, ತಾತ್ಕಾಲಿಕ ವ್ಯವಸ್ಥೆ. ಅಷ್ಟರಲ್ಲಿ ಮಕ್ಕಳ ಒಂದು ವರ್ಷ ಹೋಗಿರುತ್ತದೆ. ನೇಮಕಾತಿಗೆ ಮೊದಲೇ ಕನ್ನಡದಲ್ಲಿ ಹದಿನೈದು ನಿಮಿಷ ಪಾಠ ಮಾಡಿಸಿ ನೋಡಿ. ಮಕ್ಕಳಿಗೆ ಮಲಯಾಳ ಬೇಡ ಅಂತ ನಾನು ಹೇಳುವವನಲ್ಲ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ದೊಡ್ಡ ಪ್ರತಿಭಟನೆ ಆಯಿತು, ನಿಜ. ಆದರೆ ಮಲಯಾಳ ಕಲಿತರೆ ಮಕ್ಕಳಿಗೆ ಲಾಭವೇ. ಕನ್ನಡದ ಜೊತೆಗೆ ಕಲಿಯಲಿ, ಕನ್ನಡವನ್ನು ಕಳೆದುಕೊಂಡು ಕಲಿಯುವುದು ಬೇಡ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಿಮ್ಮ ಮುಂದೆಯೇ. ಗಡಿನಾಡ ಉತ್ಸವ, ಶಾಲು, ಹಾರ, ಬೆಂಗಳೂರಿನಿಂದ ಬಂದವರ ಆವೇಶದ ಭಾಷಣ, ಇವೆಲ್ಲ ಇರಲಿ. ಅದರ ಜೊತೆಗೆ ಒಂದೊಂದು ಪಂಚಾಯತಿನಲ್ಲೂ ಕನ್ನಡದಲ್ಲಿ ಕೊಟ್ಟ ಅರ್ಜಿ ಎಷ್ಟು, ಕನ್ನಡದಲ್ಲಿ ಬಂದ ಉತ್ತರ ಎಷ್ಟು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ ಬರೆದಿಡುವವರು ಬೇಕು. ಆ ಕೆಲಸಕ್ಕೆ ಮೈಕು, ಶಾಮಿಯಾನ ಬೇಕಾಗುವುದಿಲ್ಲ. ಅದಕ್ಕೇ ಯಾರೂ ಮಾಡುವುದಿಲ್ಲವೋ ಏನೋ.

ನೀವೇ ಆ ಲೆಕ್ಕವನ್ನು ವರ್ಷಕ್ಕೊಮ್ಮೆ ಕಲೆಕ್ಟರರ ಕಚೇರಿಯಿಂದ ಪ್ರಕಟಿಸಿದರೆ ಇನ್ನೂ ಒಳ್ಳೆಯದು. ಇಲಾಖೆವಾರು, ಪಂಚಾಯತುವಾರು. ಯಾವ ಕಚೇರಿ ಹಿಂದೆ ಬಿದ್ದಿದೆ ಅಂತ ಎಲ್ಲರಿಗೂ ಕಾಣಲಿ.

ಎಲ್ಲವನ್ನೂ ನಾಳೆಯೇ ಮಾಡಿ ಅಂತ ಕೇಳುವುದಿಲ್ಲ. ಮುಂದಿನ ಪಿಂಚಣಿ ಮಸ್ಟರಿಂಗಿಗೆ ಮೊದಲು ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಭಾಷೆಯ ಖಾನೆ ಶುರುಮಾಡಿ. ಪಿಂಚಣಿ, ತೀರ್ವೆ, ಸರ್ವೆ, ಈ ಮೂರರ ನೋಟೀಸುಗಳನ್ನು ಮೊದಲು ಕನ್ನಡಕ್ಕೆ ತನ್ನಿ. ಅದರ ಭಾಷೆ ನಮ್ಮ ಊರಿನ ಭಾಷೆಯಾಗಿರಲಿ. ತೀರ್ವೆ ಅಂದರೆ ಎಲ್ಲರಿಗೂ ಗೊತ್ತು, ಅದಕ್ಕೆ ನಿಘಂಟು ನೋಡಿ ದೊಡ್ಡ ಹೆಸರು ಇಡಬೇಕಾಗಿಲ್ಲ. ಅಚ್ಚಿಗೆ ಹೋಗುವ ಮೊದಲು ಇಲ್ಲಿಯ ನಾಲ್ಕು ಮಂದಿಗೆ ಓದಿಸಿ ನೋಡಿ. ಓದಲು ಕರೆದರೆ ನಾನೂ ಬರುತ್ತೇನೆ, ಸಂಬಳ ಬೇಡ, ಬಸ್ಸಿನ ಖರ್ಚೂ ಬೇಡ. ಅಡಿಕೆ ಕೊಯ್ಲಿನ ಸಮಯ ಬಿಟ್ಟು ಯಾವಾಗಲಾದರೂ ಸರಿ.

ಇತಿ,
ಮಂಜೇಶ್ವರ ತಾಲೂಕಿನ ಒಬ್ಬ ಅಡಿಕೆ ಕೃಷಿಕ

ಪ್ರತಿ: ಜಿಲ್ಲಾ ಕಲೆಕ್ಟರ್, ಕಾಸರಗೋಡು, ಭಾಷಾ ಅಲ್ಪಸಂಖ್ಯಾತರ ಆಯುಕ್ತರು, ನವದೆಹಲಿ.